ಮೇಲಿನವರು ಹೇಗಿದ್ದರೆ ಕೆಲಸ ಹಿಡಿಸುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಒಂದು ಗಾರ್ಮೆಂಟ್ ಕಾರ್ಖಾನೆಯಲ್ಲಿ ನಾನು ಹಲವು ವರ್ಷ ವೆಲ್‌ಫೇರ್ ಆಫೀಸರ್, ಅಂದ್ರೆ ಕಾರ್ಮಿಕರ ಕಷ್ಟಸುಖ ನೋಡಿಕೊಳ್ಳುವ ಅಧಿಕಾರಿ, ಆಗಿದ್ದೆ. 500 ಅಥವಾ ಅದಕ್ಕಿಂತ ಜಾಸ್ತಿ ಕಾರ್ಮಿಕರಿರುವ ಕಡೆ ಇಂಥವರೊಬ್ಬರು ಇರಲೇಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯಲ್ಲಿತ್ತು, ಅದರಿಂದ ನನಗೊಂದು ಕುರ್ಚಿ ಸಿಕ್ಕಿತು. ಈಗ ಸೂಪರ್‌ವೈಸರ್‌ಗಳಿಗೆ, ಟೀಮ್ ಲೀಡ್‌ಗಳಿಗೆ, ಕೆಲವು ಸಲ ಬ್ಯಾಂಕ್ ಮ್ಯಾನೇಜರ್‌ಗಳಿಗೆ ತರಬೇತಿ ಕೊಡುತ್ತೇನೆ. ತರಗತಿಯಲ್ಲಿ ಸುಮ್ಮನೆ ಕೂತವರು ಟೀ ಹೊತ್ತಿಗೆ ಹತ್ತಿರ ಬಂದು ಪ್ರಶ್ನೆ ಕೇಳುತ್ತಾರೆ. ಜಾಸ್ತಿ ಬಂದ ಪ್ರಶ್ನೆಗಳನ್ನು ಇಲ್ಲಿ ಬರೆದಿದ್ದೇನೆ.

ನಾಯಕತ್ವದ ಶೈಲಿ ಅಂದ್ರೇನು? ಅದು ಅವರವರ ಸ್ವಭಾವ ಅಲ್ವಾ?

ಸ್ವಭಾವ ಬೇರೆ, ಶೈಲಿ ಬೇರೆ. ಒಬ್ಬರು ಹುಟ್ಟಾ ಮುಂಗೋಪಿ ಇರಬಹುದು, ಅದು ಸ್ವಭಾವ. ಕೆಲಸ ಹಂಚುವಾಗ, ತಪ್ಪಾದಾಗ, ರಜೆ ಕೇಳಿದಾಗ, ಮೇಲಿನವರ ಮುಂದೆ ಟೀಮಿನ ಪರ ಮಾತಾಡಬೇಕಾದಾಗ ಅವರು ಮತ್ತೆ ಮತ್ತೆ ಹೇಗೆ ನಡೆದುಕೊಳ್ಳುತ್ತಾರೋ ಅದು ಶೈಲಿ. ಮುಂಗೋಪ ಇದ್ದೂ ನ್ಯಾಯವಾಗಿ ಕೆಲಸ ಹಂಚುವವರನ್ನು ನೋಡಿದ್ದೇನೆ. ಬೆಣ್ಣೆಯಂಥ ಮಾತಾಡಿ ವರ್ಷದ ಕೊನೆಗೆ ಇನ್ಕ್ರಿಮೆಂಟ್‌ಗೆ ಕಲ್ಲು ಹಾಕಿದವರನ್ನೂ ನೋಡಿದ್ದೇನೆ. ಕೈಕೆಳಗಿನವರು ಮುಂಗೋಪಿಯನ್ನು ಬೇಗ ಕ್ಷಮಿಸುತ್ತಾರೆ, ಇನ್ನೊಬ್ಬರನ್ನು ಕ್ಷಮಿಸುವುದಿಲ್ಲ.

ಎಷ್ಟು ಬಗೆ ಶೈಲಿಗಳಿವೆ?

ಪಟ್ಟಿ ಬೇಕಂದ್ರೆ ಹದಿನೈದು ಸಿಗುತ್ತವೆ. ನಾನು ಮೂರರಿಂದ ಶುರು ಮಾಡುತ್ತೇನೆ, ಯಾಕಂದ್ರೆ ಆ ಮೂರರ ಹಿಂದೆ ಒಳ್ಳೆ ಕಥೆಯಿದೆ.

ಕರ್ಟ್ ಲೆವಿನ್ ಅಂತ ಒಬ್ಬ ಮನಶ್ಶಾಸ್ತ್ರಜ್ಞ. ಯಹೂದಿ. ಹಿಟ್ಲರ್ ಅಧಿಕಾರಕ್ಕೆ ಬಂದ 1933ರಲ್ಲಿ ಜರ್ಮನಿ ಬಿಟ್ಟು ಅಮೆರಿಕಕ್ಕೆ ಹೋದವರು. ಒಬ್ಬನ ಕೈಯಲ್ಲೇ ಎಲ್ಲ ಅಧಿಕಾರ ಇದ್ದರೆ ಗುಂಪಿಗೆ ಏನಾಗುತ್ತದೆ ಅನ್ನುವುದು ಅವರಿಗೆ ಬರೀ ಪುಸ್ತಕದ ಪ್ರಶ್ನೆಯಾಗಿರಲಿಲ್ಲ. ಐಯೊವಾ ವಿಶ್ವವಿದ್ಯಾಲಯದಲ್ಲಿ ರೊನಾಲ್ಡ್ ಲಿಪಿಟ್, ರಾಲ್ಫ್ ವೈಟ್ ಜೊತೆ ಸೇರಿ ಹತ್ತು ವರ್ಷದ ಹುಡುಗರನ್ನು ಐದೈದು ಜನರ ನಾಲ್ಕು ಕ್ಲಬ್ ಮಾಡಿದರು. ದೊಡ್ಡವರು ಸರದಿಯಂತೆ ಬಂದು ಕ್ಲಬ್ ನಡೆಸುತ್ತಿದ್ದರು. ಒಬ್ಬರು ಪ್ರತಿ ಹೆಜ್ಜೆಗೂ ಹುಕುಂ ಕೊಡುವವರು. ಇನ್ನೊಬ್ಬರು ಹುಡುಗರನ್ನು ಕೇಳಿ ತೀರ್ಮಾನ ಮಾಡುವವರು. ಮತ್ತೊಬ್ಬರು ಸಾಮಾನು ತೋರಿಸಿ 'ಏನು ಬೇಕೋ ಮಾಡಿಕೊಳ್ಳಿ' ಅಂತ ಪಕ್ಕಕ್ಕೆ ಸರಿಯುವವರು. 1939ರಲ್ಲಿ ಅದರ ವರದಿ ಬಂತು.

ಹುಕುಂ ಕೊಡುವವರು ಎದುರಿಗಿದ್ದಾಗ ಕೆಲಸವೇನೋ ಆಗುತ್ತಿತ್ತು. ಅವರು ಕೋಣೆಯಿಂದ ಆಚೆ ಹೋದರೆ ಕೈ ನಿಲ್ಲುತ್ತಿತ್ತು. ಕೇಳಿ ಮಾಡಿಸುವವರು ಹೊರಗೆ ಹೋದರೂ ಹುಡುಗರು ಕೆಲಸ ಮುಂದುವರಿಸುತ್ತಿದ್ದರು. ಯಾರು ಇಷ್ಟ ಅಂತ ಕೇಳಿದಾಗ 20ರಲ್ಲಿ 19 ಹುಡುಗರು ಹುಕುಂ ಕೊಡುವವರಿಗಿಂತ ಕೇಳಿ ಮಾಡಿಸುವವರೇ ವಾಸಿ ಅಂದರು. ಒಪ್ಪದ ಆ ಒಬ್ಬ ಹುಡುಗ ಸೇನಾಧಿಕಾರಿಯ ಮಗನಂತೆ. ತರಗತಿಯಲ್ಲಿ ಇದನ್ನು ಹೇಳಿದಾಗ ಎಲ್ಲರೂ ನಗುತ್ತಾರೆ. ಆದರೆ ಅದು ತಮಾಷೆಗೆ ಮಾತ್ರ ಅಲ್ಲ. ಯಾವ ಶೈಲಿ ಹಿಡಿಸುತ್ತದೆ ಅನ್ನುವುದರಲ್ಲಿ ನಾವು ಬೆಳೆದ ಮನೆಯ ಪಾಲೂ ಇದೆ. ಅದಕ್ಕೆ ಮುಂದೆ ಬರುತ್ತೇನೆ.

ತೃಪ್ತಿ ಗಿಪ್ತಿ ಎಲ್ಲ ಸರಿ. ಕೊನೆಗೆ ಸಂಬಳ ತಾನೇ?

ಸಂಬಳ ಮುಖ್ಯ ಅಲ್ಲ ಅನ್ನುವವರ ಸಂಬಳ ಎಷ್ಟು ಅಂತ ಮೊದಲು ಕೇಳಿ ನೋಡಿ.

ಹೊಟ್ಟೆ, ಬಾಡಿಗೆ, ಮಕ್ಕಳ ಫೀಸು ದಾಟದ ಸಂಬಳ ಇರುವ ಕಡೆ ತೃಪ್ತಿಯ ಪಾಠ ಹೇಳುವುದು ತಪ್ಪು. ಆ ಗೆರೆ ದಾಟಿದ ಮೇಲೆ ಲೆಕ್ಕ ಬದಲಾಗುತ್ತದೆ. ಫ್ರೆಡ್ರಿಕ್ ಹರ್ಜ್‌ಬರ್ಗ್ ಅವರ ತಂಡ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಸುಮಾರು 200 ಎಂಜಿನಿಯರ್‌ಗಳು ಮತ್ತು ಅಕೌಂಟೆಂಟ್‌ಗಳನ್ನು ಮಾತಾಡಿಸಿ 1959ರಲ್ಲಿ ಒಂದು ವಿಚಾರ ಮುಂದಿಟ್ಟಿತು. ಸಂಬಳ, ಕಂಪನಿಯ ನಿಯಮ, ಮೇಲಿನವರ ಉಸ್ತುವಾರಿ ಇವು ಕೆಟ್ಟರೆ ಜನ ರೊಚ್ಚಿಗೇಳುತ್ತಾರೆ. ಸರಿಯಿದ್ದರೆ ಸುಮ್ಮನಿರುತ್ತಾರೆ, ಅಷ್ಟೇ. ಖುಷಿ ಕೊಡುವುದು ಬೇರೆ: ಕೆಲಸವೇ ಹಿಡಿಸುವುದು, ಏನೋ ಸಾಧಿಸಿದೆ ಅನ್ನಿಸುವುದು, ಅದನ್ನು ಯಾರಾದರೂ ಗುರುತಿಸುವುದು. ಇದಕ್ಕೆ ತಕರಾರೂ ಬಂತು. ಒಳ್ಳೆಯದಾದರೆ 'ನನ್ನಿಂದ', ಕೆಟ್ಟದಾದರೆ 'ಕಂಪನಿಯಿಂದ' ಅನ್ನುವುದು ಮನುಷ್ಯರ ಗುಣ ತಾನೇ, ಹಾಗಾಗಿ ಉತ್ತರಗಳು ಹೀಗೆ ಎರಡು ಗುಂಪಾಗಿ ಬಂದವು ಅಂತ. ನನಗೂ ಆ ತಕರಾರು ಸರಿ ಅನ್ನಿಸುತ್ತದೆ. ಯಾಕಂದ್ರೆ 'ಗುರುತಿಸುವುದು' ಅಂದ್ರೆ ಯಾರೋ ಒಬ್ಬರು ಗುರುತಿಸಬೇಕು. ಹೆಚ್ಚಿನ ಕಡೆ ಆ 'ಯಾರೋ' ನಿಮ್ಮ ಸೂಪರ್‌ವೈಸರೇ. ಅಂದ್ರೆ ಮೇಲಿನವರು ಎರಡೂ ಗುಂಪಿನಲ್ಲಿದ್ದಾರೆ.

ಸಂಬಳಕ್ಕೂ ತೃಪ್ತಿಗೂ ಇರುವ ನಂಟಿನ ಬಗ್ಗೆ ಬಂದ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ 2010ರಲ್ಲಿ ಲೆಕ್ಕ ಹಾಕಿದಾಗ ನಂಟು ಇದೆ, ಆದರೆ ತೆಳು ಅಂತ ಗೊತ್ತಾಯಿತು. ಸಂಬಳ ಹೆಚ್ಚಿದ ತಿಂಗಳು ಖುಷಿ, ಮೂರನೇ ತಿಂಗಳಿಗೆ ಅದೇ ಮಾಮೂಲು. ನಿಮಗೂ ಅನುಭವ ಇರಬೇಕು.

ಮೇಲಿನವರ ನಡತೆಗೂ ತೃಪ್ತಿಗೂ ಅಷ್ಟೊಂದು ನಂಟಿದೆಯಾ? ಸ್ವಲ್ಪ ಬಿಡಿಸಿ ಹೇಳಿ.

ನಾನು ಕಣ್ಣಾರೆ ನೋಡಿದ್ದು ಹೇಳುತ್ತೇನೆ.

ಬೆಳಗ್ಗೆ ಹತ್ತೂವರೆ. ಲೈನಿನ ತುದಿಯಲ್ಲಿ ಬೋರ್ಡು. ಗಂಟೆಗೆ 80 ಪೀಸು ಟಾರ್ಗೆಟ್, ಆಗಿದ್ದು 62. ಕಾಲರ್ ಹೊಲಿಯುವ ಅಕ್ಕ ಒಬ್ಬರು ಎದ್ದು ಬಂದು, 'ಸರ್, ಮಗೂಗೆ ಜ್ವರ ಅಂತೆ, ಟೈಮ್ ಆಫೀಸಿಗೆ ಫೋನ್ ಬಂದಿತ್ತಂತೆ. ಮಧ್ಯಾಹ್ನ ಗೇಟ್ ಪಾಸ್ ಬೇಕಿತ್ತು' ಅಂದರು. ಸೂಪರ್‌ವೈಸರ್ ತಲೆ ಎತ್ತಲಿಲ್ಲ. 'ಮೊದ್ಲು ಬೋರ್ಡ್ ನೋಡಮ್ಮ' ಅಂದರು. ಅಷ್ಟೇ. ಕೂಗಲಿಲ್ಲ, ಬೈಯಲಿಲ್ಲ. ಅಕ್ಕ ವಾಪಸ್ ಹೋಗಿ ಕೂತರು. ಊಟದ ಬೆಲ್ ಹೊಡೆಯುವ ಹೊತ್ತಿಗೆ ಅವರ ಮೆಷಿನ್‌ನಿಂದ ಹೋದ ಕಾಲರ್‌ಗಳಲ್ಲಿ ಒಂದು ರಾಶಿ ಚೆಕ್ಕಿಂಗ್‌ನಿಂದ ಆಲ್ಟ್ರೇಷನ್‌ಗೆ ವಾಪಸ್ ಬಂದಿತ್ತು.

ಅದೇ ವಾರ ಪಕ್ಕದ ಲೈನಿನಲ್ಲೂ ಇಂಥದ್ದೇ ಮಾತು. ಆ ಸೂಪರ್‌ವೈಸರ್ ಕೂಡ ಬೋರ್ಡ್ ನೋಡಿದರು. ಆಮೇಲೆ, 'ಕೈಯಲ್ಲಿರೋ ಬಂಡಲ್ ಮುಗಿಸಿ ಹನ್ನೆರಡೂವರೆಗೆ ಹೊರಡಮ್ಮ. ನಿನ್ನ ಮೆಷಿನ್‌ಗೆ ಆ ಕಡೆಯಿಂದ ಒಬ್ಬರನ್ನ ಕೂರಿಸ್ತೀನಿ. ಮಗು ಹೇಗಿದೆ ಅಂತ ನಾಳೆ ಹೇಳು' ಅಂದರು. ಇಪ್ಪತ್ತು ಸೆಕೆಂಡಿನ ಮಾತು. ಆ ದಿನ ಎರಡೂ ಲೈನಿನಲ್ಲಿ ಟಾರ್ಗೆಟ್ ಮುಟ್ಟಲಿಲ್ಲ, ಅದನ್ನೂ ಹೇಳಿಬಿಡಬೇಕು.

ಮೊದಲನೇ ಅಕ್ಕ ತಿಂಗಳಾಗುವ ಮೊದಲೇ ನನ್ನ ಟೇಬಲ್ ಮುಂದೆ ನಿಂತು 'ಲೆಕ್ಕ ಮಾಡಿಕೊಡಿ ಮೇಡಂ' ಅಂದರು. ಕೆಲಸ ಬಿಡುವವರ ರಿಜಿಸ್ಟರ್‌ನಲ್ಲಿ ಕಾರಣದ ಕಾಲಂ ಇರುತ್ತದೆ. 'ಸ್ವಂತ ಕಾರಣ' ಅಂತ ಬರೆದುಕೊಂಡೆ. ಆ ಕಾಲಂನಲ್ಲಿ ಮೇಲಿಂದ ಕೆಳಗಿನವರೆಗೂ ಅದೇ ಎರಡು ಪದ. ಮೊದಲ ಹಾಳೆಯಿಂದ ಕೊನೆ ಹಾಳೆಯವರೆಗೂ.

ಗದರದೇ ಇದ್ದರೆ ನಮ್ಮಲ್ಲಿ ಕೆಲಸ ಆಗಲ್ಲ. ಒಪ್ತೀರಾ?

ಇಲ್ಲ. ಆದರೆ ಈ ಮಾತು ಎಲ್ಲಿಂದ ಬರುತ್ತದೆ ಅಂತ ಗೊತ್ತು.

ಲೈನಿನಲ್ಲಿ ಗದರುವ ಸೂಪರ್‌ವೈಸರ್ ಅಲ್ಲಿಗೆ ಆಕಾಶದಿಂದ ಇಳಿದು ಬಂದವರಲ್ಲ. ಅವರ ಮೇಲೆ ಫ್ಲೋರ್ ಇನ್‌ಚಾರ್ಜ್, ಅವರ ಮೇಲೆ ಪ್ರೊಡಕ್ಷನ್ ಮ್ಯಾನೇಜರ್, ಅವರ ಮೇಲೆ ಹಡಗು ಹೊರಡುವ ತಾರೀಖು ಹಿಡಿದು ಕೂತ ವಿದೇಶಿ ಖರೀದಿದಾರ. ಬೆಳಗಿನ ಮೀಟಿಂಗ್‌ನಲ್ಲಿ ಒಳಗೆ ಬಿದ್ದ ಬೈಗುಳ ಹತ್ತು ನಿಮಿಷದಲ್ಲಿ ಹೊಲಿಗೆ ಮೆಷಿನ್‌ವರೆಗೂ ಇಳಿಯುತ್ತದೆ. ಇನ್ನು ಎಷ್ಟೋ ಸೂಪರ್‌ವೈಸರ್‌ಗಳು ಹಿಂದೆ ತಾವೇ ಟೈಲರ್ ಆಗಿ ಬೈಸಿಕೊಂಡವರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಸೊಸೆಯಾಗಿದ್ದಾಗ ಕಲಿತದ್ದು ಅದೊಂದೇ ಪಾಠವಾದರೆ ಅತ್ತೆಯಾದಾಗ ಅದನ್ನೇ ಒಪ್ಪಿಸುತ್ತಾರೆ.

ಗದರಿದರೆ ಆ ಗಂಟೆಯ ಪೀಸು ಬರುತ್ತದೆ. ಸುಳ್ಳಲ್ಲ. ಲೆವಿನ್ ಅವರ ಹುಡುಗರೂ ಹುಕುಂ ಕೊಡುವವರು ಎದುರಿಗಿದ್ದಾಗ ಕೆಲಸ ಮಾಡಿದರು ತಾನೇ. ಬೆಲೆ ಆಮೇಲೆ ಕಟ್ಟಬೇಕು. ಬೆನೆಟ್ ಟೆಪ್ಪರ್ ಅನ್ನುವವರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೇಲಿನವರು ಹೀಯಾಳಿಸುತ್ತಾರೆ ಅಂದ ನೌಕರರು ಕೆಲಸ ಬಿಡುವುದು ಜಾಸ್ತಿ ಅಂತ ಕಂಡುಬಂತು. ಬಿಡದೆ ಉಳಿದವರ ಕಥೆ ಇನ್ನೂ ಬೇಸರದ್ದು. ಅವರಿಗೆ ಕೆಲಸದಲ್ಲೂ ತೃಪ್ತಿ ಕಡಿಮೆ, ಬದುಕಿನಲ್ಲೂ ಕಡಿಮೆ. ಬೇರೆ ಕೆಲಸ ಸಿಗುವುದು ಕಷ್ಟ ಅನ್ನುವವರಿಗೆ ಏಟು ಇನ್ನೂ ಜೋರು.

ಒಂದು ಕಡೆ ಹುಕುಂ ಬೇಕೇ ಬೇಕು. ಬಾಯ್ಲರ್ ಹತ್ತಿರ, ಕಟಿಂಗ್ ಮೆಷಿನ್ ಹತ್ತಿರ, ಬೆಂಕಿ ಬಿದ್ದಾಗ ಯಾರನ್ನೂ ಅಭಿಪ್ರಾಯ ಕೇಳುತ್ತಾ ನಿಲ್ಲಬೇಡಿ. ಕಟಿಂಗ್ ವಿಭಾಗದಲ್ಲಿ ಸ್ಟೀಲ್ ಗ್ಲೌಸ್ ಹಾಕದೆ ನಿಂತವರಿಗೆ ಜೋರಾಗಿ ಹೇಳುವುದೇ ಸರಿ. ಹಾಗೆ ಹೇಳಿಸಿಕೊಂಡವರು ಯಾರೂ ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಕೊರಗಿದ್ದು ನಾನು ಕಂಡಿಲ್ಲ. ಕೊರಗು ಉಳಿಯುವುದು 'ನಿಂಗೆ ತಲೆ ಇಲ್ವಾ, ಮನೇಲಿ ಇದನ್ನೇ ಕಲಿಸಿದ್ರಾ' ಅಂತ ಎಲ್ಲರ ಮುಂದೆ ಅಂದಾಗ.

ಹಾಗಾದ್ರೆ ಒಳ್ಳೆಯವರಾಗಿದ್ದರೆ ಸಾಕು, ಅಲ್ವಾ?

ಸಾಲದು. ನಾನು ಹೆಚ್ಚು ಭಯಪಡುವುದು 'ಒಳ್ಳೆ ಮನುಷ್ಯ, ಆದರೆ…' ಅನ್ನಿಸಿಕೊಳ್ಳುವ ಬಾಸ್‌ಗೆ.

ಇವರು ಬೈಯುವುದಿಲ್ಲ. ಏನು ಕೇಳಿದರೂ 'ನೋಡೋಣ' ಅನ್ನುತ್ತಾರೆ. ಇಬ್ಬರ ನಡುವೆ ಜಗಳ ಬಂದರೆ 'ನೀವು ನೀವೇ ಬಗೆಹರಿಸಿಕೊಳ್ಳಿ' ಅಂತಾರೆ. ಮೇಲ್‌ಗೆ ಉತ್ತರ ಇಲ್ಲ. ಕೆಲಸ ಯಾರದ್ದು ಅಂತ ಕೊನೆವರೆಗೂ ಗೊತ್ತಾಗುವುದಿಲ್ಲ, ತಪ್ಪಾದ ದಿನ ಮಾತ್ರ ಗೊತ್ತಾಗುತ್ತದೆ. ನಾರ್ವೆಯಲ್ಲಿ ಆಂಡರ್ಸ್ ಸ್ಕೊಗ್‌ಸ್ಟಾಡ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಇಂಥ ಕೈಬಿಟ್ಟ ನಾಯಕತ್ವ ಇರುವ ಕಡೆ ಯಾರು ಏನು ಮಾಡಬೇಕೆಂಬ ಗೊಂದಲ, ಸಹೋದ್ಯೋಗಿಗಳ ಜಗಳ, ಅದರ ಬೆನ್ನಿಗೆ ಕಿರುಕುಳ ಜಾಸ್ತಿ. ಇದು ತಟಸ್ಥ ನಡತೆ ಅಲ್ಲ, ಹಾನಿ ಮಾಡುವ ನಡತೆ ಅಂತಲೇ ಅವರು ಕರೆದರು. ಹಿರಿಯರಿಲ್ಲದ ಮನೆಯಲ್ಲಿ ಜೋರು ಬಾಯಿಯವರದೇ ಯಜಮಾನಿಕೆ.

ನಂಬಿ ಕೆಲಸವನ್ನು ಟೀಮಿಗೆ ಬಿಟ್ಟುಕೊಡುವುದಕ್ಕೂ ಕೈಬಿಡುವುದಕ್ಕೂ ವ್ಯತ್ಯಾಸ ಹೇಗೆ ಗೊತ್ತಾಗುತ್ತದೆ ಅಂತ ಕೇಳುತ್ತಾರೆ. ಸುಲಭ. ಬಿಟ್ಟುಕೊಟ್ಟವರು ಮಧ್ಯೆ ಒಂದು ಸಲ ಬಂದು 'ಏನಾದ್ರೂ ಅಡ್ಡ ಬರ್ತಿದೆಯಾ' ಅಂತ ಕೇಳುತ್ತಾರೆ.

ಸ್ಫೂರ್ತಿ ತುಂಬುವ ನಾಯಕರ ಬಗ್ಗೆ ತುಂಬಾ ಕೇಳ್ತೀವಿ. ನನಗೆ ಭಾಷಣ ಮಾಡೋಕೆ ಬರಲ್ಲ.

ಬರಬೇಕಾಗಿಯೂ ಇಲ್ಲ.

ಜೇಮ್ಸ್ ಮೆಕ್‌ಗ್ರೆಗರ್ ಬರ್ನ್ಸ್ 1978ರಲ್ಲಿ ರಾಜಕೀಯ ನಾಯಕರನ್ನು ನೋಡಿ ಎರಡು ಬಗೆ ಮಾಡಿದರು. ಕೊಟ್ಟು ತೆಗೆದುಕೊಳ್ಳುವ ವ್ಯವಹಾರದವರು ಒಂದು ಕಡೆ, ಜನರ ಮನಸ್ಸನ್ನೇ ಮೇಲೆತ್ತುವವರು ಇನ್ನೊಂದು ಕಡೆ. 1985ರಲ್ಲಿ ಬರ್ನಾರ್ಡ್ ಬಾಸ್ ಅದನ್ನು ಕಂಪನಿಗಳಿಗೆ ತಂದರು. (ಹೌದು, ಅವರ ಹೆಸರೇ ಬಾಸ್.) ಅಲ್ಲಿಂದ 'ಪರಿವರ್ತನೆಯ ನಾಯಕತ್ವ' ಅನ್ನುವುದು ತರಬೇತಿಯವರ ಅನ್ನಕ್ಕೆ ದಾರಿಯಾಯಿತು. ನನ್ನದೂ ಸೇರಿ.

ಆದರೆ 2004ರಲ್ಲಿ ಟಿಮೊಥಿ ಜಡ್ಜ್ ಮತ್ತು ರೊನಾಲ್ಡ್ ಪಿಕೊಲೊ ಅಲ್ಲಿಯವರೆಗಿನ ಅಧ್ಯಯನಗಳನ್ನು ಒಟ್ಟಿಗೆ ಹಾಕಿ ತೂಗಿದಾಗ ಒಂದು ಸ್ವಾರಸ್ಯ ಕಂಡಿತು. ನೌಕರರ ತೃಪ್ತಿಯ ವಿಷಯದಲ್ಲಿ ಸ್ಫೂರ್ತಿ ತುಂಬುವವರು ಚೆನ್ನಾಗಿಯೇ ಇದ್ದರು. ಆದರೆ 'ಇಷ್ಟು ಮಾಡಿದರೆ ಇಷ್ಟು ಸಿಗುತ್ತದೆ' ಅಂತ ಸ್ಪಷ್ಟವಾಗಿ ಹೇಳಿ, ಹೇಳಿದ್ದನ್ನು ಕೊಡುವ ವ್ಯವಹಾರದವರು ಅವರಿಗಿಂತ ಹಿಂದೆ ಬೀಳಲಿಲ್ಲ. ಕೈಬಿಟ್ಟವರದು ಮಾತ್ರ ಉಲ್ಟಾ ಲೆಕ್ಕ.

ನಾನು ಕಂಡದ್ದೂ ಇದೇ. ಓಟಿ ಮಾಡಿಸಿ 'ಶನಿವಾರ ಬೇಗ ಬಿಡ್ತೀನಿ' ಅಂದವರು ಶನಿವಾರ ಬೇಗ ಬಿಟ್ಟರೆ ಸಾಕು. ಭಾಷಣ ಬೇಡ. ಬಿಡದಿದ್ದರೆ ಮುಂದಿನ ಆರು ತಿಂಗಳು ಅವರ ಯಾವ ಮಾತಿಗೂ ಕಿಮ್ಮತ್ತಿಲ್ಲ.

ಇವೆಲ್ಲ ಅಮೆರಿಕದ ಮಾತು. ನಮ್ಮವರಿಗೆ ಹೊಂದುತ್ತಾ?

ಇದೇ ಪ್ರಶ್ನೆ ಹಿಡಿದು ಕೂತವರು ಪಟ್ನಾದ ಮನಶ್ಶಾಸ್ತ್ರಜ್ಞ ಜೆ.ಬಿ.ಪಿ. ಸಿನ್ಹಾ. ನಮ್ಮ ಕಚೇರಿಗಳಲ್ಲಿ ಬಂದ ದಿನದಿಂದಲೇ 'ನಾವೆಲ್ಲ ಸಮಾನರು, ನೀವೇ ತೀರ್ಮಾನ ಮಾಡಿ' ಅಂದರೆ ಜನ ಗಲಿಬಿಲಿಗೊಳ್ಳುತ್ತಾರೆ, ಮೇಲಿನವರಿಗೆ ಏನೂ ಗೊತ್ತಿಲ್ಲ ಅಂದುಕೊಳ್ಳುತ್ತಾರೆ ಅನ್ನುವುದು ಅವರ ಗಮನಕ್ಕೆ ಬಂತು. ಹಾಗಂತ ಹುಕುಂ ಕೂಡ ಬೇಡ. 1980ರಲ್ಲಿ ಅವರು ಮುಂದಿಟ್ಟ ಮಾದರಿ ಮನೆಯ ಹಿರಿಯರನ್ನು ಹೋಲುತ್ತದೆ. ಅಕ್ಕರೆ ಇರಬೇಕು, ಕಷ್ಟಸುಖ ಕೇಳಬೇಕು, ಆದರೆ ಆ ಅಕ್ಕರೆ ಕೆಲಸ ಮಾಡುವವರಿಗೆ. ಕಲಿತಂತೆಲ್ಲ ಹಗ್ಗ ಸಡಿಲಿಸುತ್ತಾ ಹೋಗಬೇಕು, ಕೊನೆಗೆ ಕೂಡಿ ತೀರ್ಮಾನ ಮಾಡುವ ಹಂತಕ್ಕೆ ಬರಬೇಕು.

ಆ ಕೊನೆಯ ಮಾತನ್ನು ನಮ್ಮವರು ಮರೆತುಬಿಡುತ್ತಾರೆ. 'ನೀನು ನನ್ನ ತಮ್ಮ ಇದ್ದ ಹಾಗೆ' ಅಂತ ಶುರುವಾಗುತ್ತದೆ, ಹದಿನೈದು ವರ್ಷ ಆದರೂ ತಮ್ಮ ದೊಡ್ಡವನಾಗುವುದಿಲ್ಲ. ತಮ್ಮನಾದ್ದರಿಂದ ಭಾನುವಾರವೂ ಬರಬೇಕು, ತಮ್ಮನಾದ್ದರಿಂದ ಓಟಿ ದುಡ್ಡು ಕೇಳಬಾರದು. ಕಚೇರಿಯಲ್ಲಿ ಯಾರಾದರೂ 'ನಾವೆಲ್ಲ ಒಂದೇ ಫ್ಯಾಮಿಲಿ' ಅಂದರೆ ನಾನು ಮೊದಲು ಹಾಜರಿ ಪುಸ್ತಕ ತರಿಸಿ ನೋಡುತ್ತೇನೆ.

ಇನ್ನೊಂದು, ನಮ್ಮಲ್ಲಿರುವ ಸೂಕ್ಷ್ಮ. ಯಾರನ್ನು 'ಸರ್' ಅನ್ನುತ್ತಾರೆ, ಯಾರನ್ನು 'ಅಣ್ಣ', ಯಾರಿಗೆ 'ಏನಮ್ಮ', ಯಾರಿಗೆ 'ಮೇಡಂ'. ಇಪ್ಪತ್ತೈದರ ಹುಡುಗ ನಲವತ್ತೈದರ ಟೈಲರ್‌ಗೆ ಏಕವಚನ ಬಳಸಿದರೆ ಯಾವ ಶೈಲಿಯ ಪುಸ್ತಕವೂ ಅವನನ್ನು ಉಳಿಸುವುದಿಲ್ಲ. ನಾನು ಒಂದು ಲೈನಿನಲ್ಲಿ ಬರೀ ಇಷ್ಟನ್ನೇ ಬದಲಾಯಿಸಿದ್ದೆ: ಎಲ್ಲರಿಗೂ ಬಹುವಚನ. ಮೊದಲ ವಾರ ಎಲ್ಲರೂ ಕಿಸಕ್ಕೆಂದು ನಗುತ್ತಿದ್ದರು. ಆಮೇಲೆ ಅಭ್ಯಾಸವಾಯಿತು.

ಎಲ್ಲರನ್ನೂ ಕೇಳ್ತಾ ಕೂತರೆ ಕೆಲಸ ಯಾವಾಗ ಮಾಡೋದು?

ಎಲ್ಲವನ್ನೂ ಎಲ್ಲರನ್ನೂ ಕೇಳಬೇಕಾಗಿಲ್ಲ. ಅವರ ದುಡ್ಡು, ಅವರ ಸಮಯ, ಅವರ ದೇಹಕ್ಕೆ ಸಂಬಂಧಪಟ್ಟದ್ದನ್ನು ಕೇಳದೆ ಬದಲಾಯಿಸಬೇಡಿ. ಅಷ್ಟೇ.

ಕೇಳದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಬೆಂಗಳೂರು ಒಂದು ದೊಡ್ಡ ಪಾಠ ನೋಡಿದೆ. ಪಿಎಫ್‌ನಲ್ಲಿ ಮಾಲೀಕರ ಪಾಲಿನ ಹಣವನ್ನು 58 ವರ್ಷ ಆಗುವವರೆಗೂ ತೆಗೆಯುವ ಹಾಗಿಲ್ಲ ಅಂತ ಕೇಂದ್ರ ಸರ್ಕಾರ 2016ರಲ್ಲಿ ನಿಯಮ ತಂದಿತು. ಮುಪ್ಪಿಗೆ ಒಳ್ಳೆಯದು ಅನ್ನುವ ಲೆಕ್ಕಾಚಾರ ಇರಬಹುದು. ಆದರೆ ಗಾರ್ಮೆಂಟ್ ಹೆಣ್ಣುಮಕ್ಕಳಿಗೆ ಪಿಎಫ್ ಅಂದ್ರೆ ಮುಪ್ಪಿನ ದುಡ್ಡಲ್ಲ. ಮಗಳ ಮದುವೆ, ಕೈಸಾಲ, ಊರಿನ ಮನೆಯ ಸೂರು. ಏಪ್ರಿಲ್ 18 ಮತ್ತು 19ರಂದು ಸಾವಿರಾರು ಮಂದಿ ಮೆಷಿನ್ ಬಿಟ್ಟು ರಸ್ತೆಗಿಳಿದರು. ಹೊಸೂರು ರಸ್ತೆ ಬಂದ್ ಆಯಿತು. 19ರ ಸಂಜೆಯೊಳಗೆ ಸರ್ಕಾರ ಆ ನಿಯಮವನ್ನು ವಾಪಸ್ ಪಡೆಯಿತು. ಅದು ದಿಲ್ಲಿಯ ನಿಯಮ, ಯಾವ ಸೂಪರ್‌ವೈಸರ್‌ದೂ ಅಲ್ಲ. ಆದರೆ ಪ್ರತಿ ಕಾರ್ಖಾನೆಯಲ್ಲೂ ಚಿಕ್ಕ ಚಿಕ್ಕ ದಿಲ್ಲಿಗಳಿರುತ್ತವೆ. ಊಟದ ಸಮಯ ಬದಲಾಯಿತು ಅಂತ ನೋಟಿಸ್ ಬೋರ್ಡ್ ನೋಡಿ ಗೊತ್ತಾಗುವುದು ಅಂಥದ್ದೇ.

ಕೇಳುವುದರಿಂದ ಲಾಭವೂ ಇದೆ, ಬರೀ ಜಗಳ ತಪ್ಪುವುದಲ್ಲ. ಭಾರತದ ಗಾರ್ಮೆಂಟ್ ಕಾರ್ಖಾನೆಗಳಲ್ಲಿ ಅರ್ಥಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದರು. ಸಂಬಳ ಹೆಚ್ಚಳ ನಿರೀಕ್ಷೆಗಿಂತ ಕಡಿಮೆ ಬಂದಿತ್ತು, ಎಲ್ಲರ ಮುಖ ಸಪ್ಪಗಿತ್ತು. ಆಗ ಲಾಟರಿಯಂತೆ ಆರಿಸಿದ ಕೆಲವರಿಗೆ ಹೆಸರು ಬರೆಯದ ಸರ್ವೆ ಕೊಟ್ಟು, ಕೆಲಸ ಹೇಗಿದೆ, ಸೂಪರ್‌ವೈಸರ್ ಹೇಗೆ, ನಿಮಗೆ ತೃಪ್ತಿ ಇದೆಯಾ ಅಂತ ಕೇಳಿದರು. ಸಂಬಳ ಒಂದು ಪೈಸೆಯೂ ಹೆಚ್ಚಲಿಲ್ಲ. ಆದರೂ ಹೀಗೆ ಪ್ರಶ್ನೆ ಕೇಳಿಸಿಕೊಂಡವರಲ್ಲಿ ಕೆಲಸ ಬಿಟ್ಟವರು ಕಡಿಮೆ, ಗೈರುಹಾಜರಿಯೂ ಕಡಿಮೆ. ಅದರಲ್ಲೂ ಜಾಸ್ತಿ ನಿರಾಸೆಯಾಗಿದ್ದವರಲ್ಲಿ ಈ ಬದಲಾವಣೆ ಎದ್ದು ಕಂಡಿತು. ಇದನ್ನು ಓದಿದಾಗ ನನಗೆ ಸಮಾಧಾನಕ್ಕಿಂತ ಸಂಕಟವೇ ಜಾಸ್ತಿ ಆಯಿತು. ಬರೀ ಒಂದು ಮಾತು ಕೇಳಿದ್ದಕ್ಕೇ ಉಳಿದರು ಅಂದ್ರೆ ಅದಕ್ಕೆ ಮೊದಲು ಎಷ್ಟು ವರ್ಷ ಯಾರೂ ಕೇಳಿರಲಿಲ್ಲವೋ! ಮತ್ತೆ, ಇದನ್ನು ಸಂಬಳ ಹೆಚ್ಚಿಸದೆ ತಪ್ಪಿಸಿಕೊಳ್ಳುವ ಉಪಾಯ ಅಂತ ಯಾವ ಮ್ಯಾನೇಜ್‌ಮೆಂಟೂ ತಿಳಿಯಬಾರದು. ಎರಡನೇ ಸಲ ಕೇಳಿ ಏನೂ ಮಾಡದಿದ್ದರೆ ಹಾಳೆ ಖಾಲಿ ವಾಪಸ್ ಬರುತ್ತದೆ.

ಅಂದಹಾಗೆ, 100 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಎರಡೂ ಕಡೆಯವರು ಕೂತು ಮಾತಾಡುವ ವರ್ಕ್ಸ್ ಕಮಿಟಿ ಇರಲಿ ಅಂತ ಸರ್ಕಾರ ಆದೇಶ ಮಾಡಬಹುದು ಅನ್ನುವುದು 1947ರ ಕೈಗಾರಿಕಾ ವಿವಾದ ಕಾಯ್ದೆಯಷ್ಟು ಹಳೆಯದು. ಕಮಿಟಿಯಲ್ಲಿ ಕಾರ್ಮಿಕರ ಸಂಖ್ಯೆ ಮಾಲೀಕರ ಕಡೆಯವರಿಗಿಂತ ಕಡಿಮೆ ಇರಬಾರದು. ಎಷ್ಟೋ ಕಡೆ ಇದು ಮಿನಿಟ್ಸ್ ಪುಸ್ತಕದಲ್ಲಿ ಮಾತ್ರ ಸಭೆ ಸೇರುತ್ತದೆ.

ಸರ್ಕಾರಿ ಕಚೇರಿಯಲ್ಲಿ ಇದ್ಯಾವುದೂ ನಡೆಯಲ್ಲ, ಅಲ್ವಾ?

ಸಂಬಳ, ಬಡ್ತಿ ಬಾಸ್ ಕೈಯಲ್ಲಿಲ್ಲದ್ದರಿಂದ ಕೆಲವು ಅಸ್ತ್ರಗಳು ಇಲ್ಲ, ನಿಜ. ಆದರೆ ಯಾರಿಗೆ ಯಾವ ಕಡತ, ಯಾರ ರಜೆಗೆ ಸಹಿ, ತಪ್ಪಾದರೆ ನೋಟಿಸ್ ಯಾರ ಹೆಸರಿಗೆ, ಇವೆಲ್ಲ ಅವರ ಕೈಯಲ್ಲೇ ಇವೆ. ಒಬ್ಬ ಅಧಿಕಾರಿ ವರ್ಗವಾಗಿ ಹೋಗಿ ಇನ್ನೊಬ್ಬರು ಬಂದ ತಿಂಗಳೊಳಗೆ ಅದೇ ಗುಮಾಸ್ತರು, ಅದೇ ಕುರ್ಚಿ, ಕಚೇರಿ ಮಾತ್ರ ಬೇರೆಯಾಗುವುದನ್ನು ನೀವೂ ನೋಡಿರುತ್ತೀರಿ. ವಿಧಾನಸೌಧದ ಮೇಲೆ 'ಸರ್ಕಾರದ ಕೆಲಸ ದೇವರ ಕೆಲಸ' ಅಂತ ಬರೆದಿದೆ. ದೇವರ ಕೆಲಸಕ್ಕೂ ರಜೆ ಮಂಜೂರು ಮಾಡುವವರು ಒಬ್ಬರು ಬೇಕಲ್ಲ.

ಮನೆಯಿಂದ ಕೆಲಸ ಮಾಡುವ ಐಟಿ ಟೀಮ್‌ನಲ್ಲಿ?

ಗೇಟ್ ಪಾಸ್ ಹೋಗಿ, ಕಂಪ್ಯೂಟರ್ ಮುಂದೆ ಇದ್ದೀರಿ ಅಂತ ತೋರಿಸುವ ಹಸಿರು ಚುಕ್ಕೆ ಬಂದಿದೆ. ಚಾಟ್‌ನಲ್ಲಿ ಚುಕ್ಕೆ ಹಳದಿಯಾದ ತಕ್ಷಣ 'ಎಲ್ಲಿದ್ದೀರಾ' ಅಂತ ಮೆಸೇಜ್ ಹಾಕುವ ಮ್ಯಾನೇಜರ್‌ಗಳಿದ್ದಾರೆ. ತಾನು ಕಳ್ಳ ಪರರ ನಂಬ ಅಂತ ಜನ ಹಿಂದಿನಿಂದ ಆಡಿಕೊಳ್ಳುತ್ತಾರೆ. ಮೌಸ್ ಅಲ್ಲಾಡಿಸಲು ಪುಟ್ಟ ಯಂತ್ರ ಕೊಂಡಿಟ್ಟವರನ್ನೂ ಬಲ್ಲೆ. ಕೆಲಸ ಮುಗಿದಿದೆಯಾ ಅಂತ ನೋಡಿ, ಚುಕ್ಕೆ ನೋಡಬೇಡಿ.

ಈ ವಲಯದವರಿಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಅಮೆರಿಕದ ಸಂಶೋಧಕಿ ಏಮಿ ಎಡ್ಮಂಡ್‌ಸನ್ 1999ರಲ್ಲಿ ಬರೆದ ವಿಚಾರ: ಟೀಮಿನಲ್ಲಿ 'ನನಗೆ ಗೊತ್ತಾಗಲಿಲ್ಲ', 'ತಪ್ಪು ನನ್ನದೇ' ಅನ್ನಲು ಹೆದರಿಕೆ ಇರಬಾರದು. ಗ್ರಾಹಕರು ಬಳಸುತ್ತಿರುವ ಸಾಫ್ಟ್‌ವೇರ್ ಕೆಟ್ಟು ನಿಂತ ರಾತ್ರಿ ಎರಡು ಗಂಟೆಗೆ ಮ್ಯಾನೇಜರ್ ಬಾಯಿಂದ ಬರುವ ಮೊದಲ ಮಾತು 'ಯಾರು ಮಾಡಿದ್ದು' ಅಂತಿದ್ದರೆ ಮುಂದಿನ ಸಲ ಮುಚ್ಚಿಡುತ್ತಾರೆ. 'ಈಗ ಏನು ಮಾಡೋಣ' ಅಂತಿದ್ದರೆ ಮಾಡಿದವರೇ ಮುಂದೆ ಬಂದು ಹೇಳುತ್ತಾರೆ.

ಫನ್ ಫ್ರೈಡೇ, ಪಿಜ್ಜಾ ಪಾರ್ಟಿ?

ಮಾಡಿ. ಸಂಬಳ ಏಳನೇ ತಾರೀಖು ದಾಟಿಸಿ ಪಿಜ್ಜಾ ಹಂಚಬೇಡಿ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುವ ಗಾದೆ ಎಲ್ಲರಿಗೂ ಗೊತ್ತು.

ತೃಪ್ತಿಯಿದ್ದರೆ ಕೆಲಸ ಜಾಸ್ತಿ ಆಗುತ್ತಾ? ಮ್ಯಾನೇಜ್‌ಮೆಂಟ್ ಕೇಳೋದು ಇದನ್ನೇ.

ಸ್ವಲ್ಪ ಆಗುತ್ತದೆ. ಚಮತ್ಕಾರ ಆಗುವುದಿಲ್ಲ. 2001ರಲ್ಲಿ ಜಡ್ಜ್ ಮತ್ತು ಸಂಗಡಿಗರು ನೂರಾರು ಅಧ್ಯಯನ ಸೇರಿಸಿ ನೋಡಿದಾಗ ತೃಪ್ತಿಗೂ ಕೆಲಸದ ಗುಣಮಟ್ಟಕ್ಕೂ ಇರುವ ನಂಟು ಸುಮಾರು 0.30 ಬಂತು. ಸೊನ್ನೆ ಅಂದರೆ ನಂಟೇ ಇಲ್ಲ, ಒಂದು ಅಂದರೆ ಪೂರಾ ನಂಟು. ಅಂದ್ರೆ ಇದೆ, ಆದರೆ ನಡುವಿನದು. ಯಾವುದರಿಂದ ಯಾವುದು ಅನ್ನುವುದೂ ಗಟ್ಟಿಯಿಲ್ಲ. ಒಳ್ಳೆ ಕೆಲಸ ಆದ ದಿನ ಖುಷಿಯಾಗುತ್ತದಲ್ಲ, ಅದೂ ಇದರೊಳಗೆ ಸೇರಿದೆ.

ಕಾರ್ಖಾನೆಯವರಿಗೆ ನಾನು ಬೇರೆ ಲೆಕ್ಕ ತೋರಿಸುತ್ತೇನೆ. ಕೈ ಪಳಗಿದ ಟೈಲರ್ ಹೋಗಿ ಹೊಸಬರು ಬಂದರೆ ಆ ಮೆಷಿನ್ ಹಳೆ ವೇಗಕ್ಕೆ ಬರಲು ಎಷ್ಟು ವಾರ? ಅಷ್ಟು ವಾರದ ಪೀಸು ಎಷ್ಟು? ಈ ಗುಣಾಕಾರ ಅವರೇ ಮಾಡಿಕೊಳ್ಳಲಿ ಅಂತ ಕ್ಯಾಲ್ಕುಲೇಟರ್ ಮುಂದಿಡುತ್ತೇನೆ.

ತೃಪ್ತಿಯನ್ನು ಅಳೆಯೋದು ಹೇಗೆ?

1969ರಿಂದ ಬಳಕೆಯಲ್ಲಿರುವ ಒಂದು ಪ್ರಶ್ನಾವಳಿ ಐದು ವಿಷಯ ಬೇರೆ ಬೇರೆ ಕೇಳುತ್ತದೆ: ಕೆಲಸ, ಸಂಬಳ, ಬಡ್ತಿ, ಮೇಲಿನವರು, ಜೊತೆಯವರು. ಹೀಗೆ ಬಿಡಿಸಿ ಕೇಳುವುದೇ ಮುಖ್ಯ. 'ಒಟ್ಟಾರೆ ಹೇಗಿದೆ' ಅಂದರೆ ನಮ್ಮಲ್ಲಿ ಎಲ್ಲರೂ 'ಪರವಾಗಿಲ್ಲ' ಅನ್ನುತ್ತಾರೆ. ಆ 'ಪರವಾಗಿಲ್ಲ' ಒಳಗೆ ಏನೆಲ್ಲ ಅಡಗಿರುತ್ತದೆ ಅಂತ ಕನ್ನಡದವರಿಗೆ ಹೇಳಬೇಕಾಗಿಲ್ಲ.

ಪ್ರಶ್ನೆಗಳು ಅವರ ಭಾಷೆಯಲ್ಲಿರಲಿ. ಒಡಿಶಾ, ಜಾರ್ಖಂಡ್‌ನಿಂದ ಬಂದವರಿದ್ದರೆ ಅವರ ಭಾಷೆಯಲ್ಲೂ. ಹಾಳೆ ಹಂಚುವವರು ಸೂಪರ್‌ವೈಸರ್ ಆಗಿರಬಾರದು. ನಾನು ಒಮ್ಮೆ ಈ ತಪ್ಪು ಮಾಡಿದ್ದೆ. ಎಲ್ಲ ಹಾಳೆಯಲ್ಲೂ 'ತುಂಬಾ ಚೆನ್ನಾಗಿದೆ' ಅಂತ ಒಂದೇ ಪೆನ್ನಿನ ಟಿಕ್ ಬಂದಿತ್ತು.

ನನ್ನ ಬಾಸ್ ಸರಿಯಿಲ್ಲ. ನಾನೇನು ಮಾಡಲಿ?

ಮೊದಲು ಬಗೆ ತಿಳಿದುಕೊಳ್ಳಿ. 'ನೋಡೋಣ' ಅನ್ನುವವರಾದರೆ ನೀವೇ ಬರೆದು ಕಳಿಸಿ: 'ಶುಕ್ರವಾರದೊಳಗೆ ನಿಮ್ಮಿಂದ ಏನೂ ಬರದಿದ್ದರೆ ಹೀಗೆ ಮಾಡುತ್ತೇನೆ ಸರ್.' ಹೆಚ್ಚಿನವರು ಬೇಡ ಅನ್ನುವುದಿಲ್ಲ, ನಿಮ್ಮ ಕೆಲಸ ಸಾಗುತ್ತದೆ. ಎಲ್ಲದರಲ್ಲೂ ಕೈ ಆಡಿಸುವವರಾದರೆ ಅವರು ಕೇಳುವ ಮೊದಲೇ ದಿನಕ್ಕೊಂದು ಸಲ ಎರಡು ಸಾಲು ಹೇಳಿಬಿಡಿ. ಒಂದೆರಡು ತಿಂಗಳಲ್ಲಿ ಹಗ್ಗ ಸಡಿಲವಾಗುವುದುಂಟು.

ಹೀಯಾಳಿಸುವವರಾದರೆ ತಾರೀಖು, ಆಡಿದ ಮಾತು, ಪಕ್ಕದಲ್ಲಿ ಯಾರಿದ್ದರು ಅಂತ ಬರೆದಿಡಿ. ಲೈಂಗಿಕ ಕಿರುಕುಳವಾದರೆ ಅದು 'ಶೈಲಿ'ಯ ಮಾತೇ ಅಲ್ಲ. 10 ಅಥವಾ ಹೆಚ್ಚು ನೌಕರರಿರುವ ಪ್ರತಿ ಕಡೆ ಆಂತರಿಕ ಸಮಿತಿ ಇರಬೇಕು ಅಂತ 2013ರ ಕಾಯ್ದೆ ಹೇಳುತ್ತದೆ, ಅಲ್ಲಿಗೆ ಬರೆದು ದೂರು ಕೊಡಿ. ಉಳಿದ ದೂರಿಗೆ, 20 ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಯಲ್ಲಿ ಕುಂದುಕೊರತೆ ಸಮಿತಿ ಇರಬೇಕು.

ಇದ್ಯಾವುದೂ ಆಗದಿದ್ದರೆ ಬೇರೆ ಕೆಲಸ ನೋಡಿಕೊಳ್ಳಿ. ಸಹಿಸಿಕೊಂಡವರಿಗೆ ಯಾರೂ ಪದಕ ಕೊಡುವುದಿಲ್ಲ.

ಕೆಲಸ ಬಿಟ್ಟು ಹೋಗುವವರು ನಿಜ ಹೇಳಲ್ಲ. ಕಾರಣ ತಿಳಿಯೋದು ಹೇಗೆ?

ಯಾಕೆ ಹೇಳುತ್ತಾರೆ? ಲೆಕ್ಕ ಆಗಬೇಕು, ಪಿಎಫ್ ಬರಬೇಕು, ನಾಳೆ ಬೇರೆ ಕಾರ್ಖಾನೆಯವರು ಫೋನ್ ಮಾಡಿ ವಿಚಾರಿಸಬಹುದು. 'ಸ್ವಂತ ಕಾರಣ' ಅನ್ನುವುದು ಜಾಣತನ.

ಹಾಗಾಗಿ ಹೋಗುವವರನ್ನು ಆ ದಿನ ಕೇಳಬೇಡಿ. ದುಡ್ಡು ಕೈ ಸೇರಿದ ಮೂರು ತಿಂಗಳ ಮೇಲೆ ಫೋನ್ ಮಾಡಿ. ಉಳಿದವರನ್ನು ಈಗಲೇ ಕೇಳಿ. ನಾನು ಕೇಳುವ ಪ್ರಶ್ನೆ ಒಂದೇ: 'ಕಳೆದ ತಿಂಗಳು ಯಾವ ದಿನ ಮನೆಗೆ ಹೋಗುವಾಗ ನಾಳೆ ಬರೋದು ಬೇಡ ಅನ್ನಿಸಿತು?' ದಿನ ನೆನಪಿಗೆ ಬಂದರೆ ಕಾರಣ ತಾನಾಗೇ ಬರುತ್ತದೆ.

ಕಾಲರ್ ಹೊಲಿಯುತ್ತಿದ್ದ ಆ ಅಕ್ಕ ವರ್ಷದ ಮೇಲೆ ಬಸ್‌ನಲ್ಲಿ ಸಿಕ್ಕಿದರು. ಕೂರಲು ಜಾಗ ಮಾಡಿಕೊಟ್ಟರು. ಮಗು ಚೆನ್ನಾಗಿದೆಯಂತೆ, ಎರಡನೇ ಕ್ಲಾಸು. ಹೊಸ ಕಾರ್ಖಾನೆಯಲ್ಲಿ ಸಂಬಳ ಅಷ್ಟೇ, ಬಸ್ಸು ಮಾತ್ರ ಎರಡು ಬದಲಾಯಿಸಬೇಕು. ಆ ದಿನದ ಮಾತು ನಾನೇ ತೆಗೆದೆ. ಅವರು ಕಿಟಕಿ ಆಚೆ ನೋಡುತ್ತಾ, 'ಪಾಪ, ಆ ಸರ್‌ಗೂ ಬೆಳಗ್ಗೆ ಮೀಟಿಂಗ್‌ನಲ್ಲಿ ಬೈದಿದ್ರು ಮೇಡಂ. ಗ್ಲಾಸಿನಾಚೆ ನಮಗೆಲ್ಲ ಕಾಣ್ತಿತ್ತು' ಅಂದರು.